ಗಾಡಿ ವಾಲಿದೆ ಅಂತ ಮೊದ್ಲೇ ಆಯಿಲ್‌ಗೆ ಕೈ ಹಾಕ್ಬೇಡಿ

ಈ ತಿಂಗಳಲ್ಲಿ ಇದು ಮೂರನೇ ಗಾಡಿ. ಮೂರೂ ಜನ ಹೇಳಿದ್ದು ಒಂದೇ ಮಾತು, "ಒಂದ್ ಕಡೆ ವಾಲ್ತಿದೆ ಸರ್, ಹೈಡ್ರಾಲಿಕ್ ಪ್ರೆಶರ್ ಹೋಗಿದೆ, ಆಯಿಲ್ ತುಂಬಿಸಿಕೊಡಿ." ಬೇಜಾರಾಗತ್ತೆ ನಂಗೆ, ಯಾಕಂದ್ರೆ ಮೂರರಲ್ಲಿ ಎರಡು ಗಾಡೀಲಿ ಆಯಿಲ್ ಒಂದು ಹನಿನೂ ಕಮ್ಮಿ ಇರ್ಲಿಲ್ಲ, ಆದ್ರೆ ಅಷ್ಟರಲ್ಲಿ ಒಬ್ರು ಎಲ್ಲೋ ಸಿಲಿಂಡರನ್ನೇ ಬದಲಾಯಿಸಿ ಆಗಿತ್ತು.

ನಾನು ಇಲ್ಲಿ ಮಾತಾಡ್ತಿರೋದು ಪ್ರಾಡೊ 150, ಲ್ಯಾಂಡ್ ಕ್ರೂಸರ್ 200 ಥರದ ಗಾಡಿಗಳಲ್ಲಿ ಬರೋ ಕೆಡಿಎಸ್ಎಸ್ ಬಗ್ಗೆ, ಅಂದ್ರೆ ತಿರುವಲ್ಲಿ ಗಾಡಿ ವಾಲದ ಹಾಗೆ ಆಯಿಲ್ ಪ್ರೆಶರಿಂದ ಹಿಡಿಯೋ ಟೊಯೊಟಾದ ಸಸ್ಪೆನ್ಷನ್ ಸಿಸ್ಟಮ್. ಆಸ್ಟ್ರೇಲಿಯಾದ ಕೈನೆಟಿಕ್ ಅನ್ನೋ ಚಿಕ್ಕ ಕಂಪನಿ ಹುಟ್ಟುಹಾಕಿದ ಐಡಿಯಾ ಇದು, 1999ರಲ್ಲಿ ಟೆನೆಕೊ ಆ ಕಂಪನೀನ ಕೊಂಡ್ಕೊಳ್ತು. ಇದೇ ತತ್ವದ ಸಿಸ್ಟಮ್ ಇದ್ದ ಸಿಟ್ರೊಯೆನ್ ರ‍್ಯಾಲಿ ಕಾರುಗಳು ಎಷ್ಟು ಚೆನ್ನಾಗಿ ಓಡಿದ್ವು ಅಂದ್ರೆ ಕೊನೆಗೆ 2006ರಿಂದ ರ‍್ಯಾಲಿಯಲ್ಲಿ ಇದನ್ನೇ ನಿಷೇಧಿಸಿದ್ರು. ನಂಗೆ ಇದರ ಮೇಲೆ ಪ್ರೀತಿ ಜಾಸ್ತಿ, ಅದಕ್ಕೇ ಯಾರಾದ್ರೂ ಇದನ್ನ ಕಿತ್ತು ಬಿಸಾಕ್ತೀನಿ ಅಂದ್ರೆ ತಡ್ಕೊಳೋಕಾಗಲ್ಲ.

ಈಗ ಒಂದೇ ವಿಷಯ, ಅದನ್ನ ಸಮಾಧಾನವಾಗಿ ಓದಿ. ಈ ಆಯಿಲ್ ಗಾಡಿಯ ಭಾರ ಹೊರಲ್ಲ. ಭಾರ ಹೊರೋದು ಸ್ಪ್ರಿಂಗು. ಏರ್ ಸಸ್ಪೆನ್ಷನ್ ನೋಡಿದೋರಿಗೆ ಇಲ್ಲೇ ತಲೆ ಕೆಡೋದು, ಅಲ್ಲಿ ಗಾಳಿ ಹೋದ್ರೆ ಗಾಡಿ ಕೂತ್ಕೊಳತ್ತೆ, ಹಾಗಾಗಿ ಇಲ್ಲೂ ಆಯಿಲ್ ಹೋಗಿ ಕೂತಿದೆ ಅಂದ್ಕೊಳ್ತಾರೆ. ಇಲ್ಲಿ ಆಯಿಲಿನ ಕೆಲಸ ಒಂದೇ, ಸ್ಟೆಬಿಲೈಸರ್ ಬಾರನ್ನ (ಎಡ ಬಲ ಚಕ್ರಗಳನ್ನ ಜೋಡಿಸಿ ವಾಲಾಟ ತಡೆಯೋ ಉಕ್ಕಿನ ಸರಳು) ಯಾವಾಗ ಬಿಗಿ ಹಿಡೀಬೇಕು, ಯಾವಾಗ ಸಡಿಲ ಬಿಡಬೇಕು ಅನ್ನೋದು. ಮುಂದಿನ ಚಕ್ರಗಳ ಬಾರ್‌ಗೆ ಒಂದು ಸಿಲಿಂಡರ್, ಹಿಂದಿನ ಚಕ್ರಗಳ ಬಾರ್‌ಗೆ ಒಂದು, ನಡುವೆ ಎರಡು ಪೈಪು. ತಿರುವಿನಲ್ಲಿ ಬಾಡಿ ವಾಲಿದಾಗ ಎರಡೂ ಬಾರು ಒಂದೇ ದಿಕ್ಕಿಗೆ ತಿರುಚ್ತಾವೆ, ಎರಡೂ ಸಿಲಿಂಡರ್ ಒಂದೇ ಪೈಪಿಗೆ ಎದುರುಬದುರು ಆಯಿಲ್ ತಳ್ತಾವೆ, ಆಯಿಲಿಗೆ ಹೋಗೋಕೆ ಜಾಗ ಇಲ್ದೆ ಕಲ್ಲಿನ ಥರ ನಿಲ್ಲತ್ತೆ, ಬಾರು ಬಿಗಿಯಾಗತ್ತೆ. ಅದೇ ಹಳ್ಳದಲ್ಲಿ ಮುಂದಿನ ಎಡ ಚಕ್ರ ಮೇಲೆ ಹಿಂದಿನ ಎಡ ಚಕ್ರ ಕೆಳಗೆ ಹೋದ್ರೆ, ಒಂದು ಸಿಲಿಂಡರ್ ತಳ್ಳಿದ ಆಯಿಲಿಗೆ ಇನ್ನೊಂದು ಜಾಗ ಕೊಡತ್ತೆ, ಆಯಿಲ್ ಹರಿಯತ್ತೆ, ಬಾರು ಸಡಿಲ ಆಗಿ ಚಕ್ರ ನೆಲ ಬಿಡಲ್ಲ. ಇಷ್ಟೇ.

ಹಾಗಾದ್ರೆ ಆಯಿಲಿಂದ ಗಾಡಿ ವಾಲೋದೇ ಇಲ್ವಾ ಅಂದ್ರೆ, ವಾಲತ್ತೆ, ಆದ್ರೆ ಬೇರೆ ಥರ. ಎರಡು ಲೈನಲ್ಲಿ ಪ್ರೆಶರ್ ಹೆಚ್ಚು ಕಮ್ಮಿ ಆಗಿ ಉಳ್ಕೊಂಡ್ರೆ ಬಾರು ತಿರುಚಿದ ಹಾಗೇ ನಿಂತು ಸ್ಪ್ರಿಂಗಿನ ವಿರುದ್ಧ ಬಾಡೀನ ಒಂದು ಕಡೆಗೆ ಎಳೆಯತ್ತೆ. ಇದಕ್ಕೆ ಲೀಕ್ ಕಾರಣ ಇರಬಹುದು. ಆದ್ರೆ ನನ್ನ ಹತ್ರ ಬರೋವ್ರಲ್ಲಿ ಹೆಚ್ಚಿನೋರದ್ದು ಲೀಕ್ ಅಲ್ಲ, ಲಿಫ್ಟ್ ಕಿಟ್ (ಗಾಡಿ ಎತ್ತರ ಮಾಡೋ ಸ್ಪ್ರಿಂಗ್ ಸೆಟ್) ಹಾಕ್ಸುವಾಗ ಅಕ್ಯುಮುಲೇಟರ್ (ಆಯಿಲಿನ ಪ್ರೆಶರ್ ಹಿಡಿದಿಡೋ ಭಾಗ) ಪಕ್ಕದ ಎರಡು ಶಟರ್ ವಾಲ್ವ್ ತೆರೆಯದೇ ಸ್ಪ್ರಿಂಗ್ ಬದಲಾಯಿಸಿರೋದು. ಇನ್ನೂ ಕೆಲವ್ರು ತೆರೀತಾರೆ, ಆದ್ರೆ ಒಂದು ಚಕ್ರ ಜ್ಯಾಕ್ ಮೇಲಿರುವಾಗ್ಲೇ ಮುಚ್ಚಿಬಿಡ್ತಾರೆ. ಆ ವಾಲಿದ ಸ್ಥಿತಿನೇ ಒಳಗೆ ಲಾಕ್ ಆಗತ್ತೆ.

ಪರೀಕ್ಷೆ ಹೀಗಿದೆ. ನಾಲ್ಕೂ ಟೈರಿಗೆ ಸರಿಯಾದ ಗಾಳಿ, ನಿಜವಾಗ್ಲೂ ಸಮ ಇರೋ ನೆಲ (ಕಣ್ಣಿಗೆ ಸಮ ಅನಿಸಿದ್ರೆ ಸಾಲ್ದು, ಗಾಡಿ ತಿರುಗಿಸಿ ನಿಲ್ಸಿ ಇನ್ನೊಂದ್ಸಲ ಅಳೀರಿ). ಚಕ್ರದ ಹಬ್ ನಡುವಿಂದ ಅದರ ಮೇಲಿನ ಫೆಂಡರ್ ಅಂಚಿಗೆ ಅಳೀಬೇಕು, ನೆಲದಿಂದ ಅಲ್ಲ. ಬರ್ಕೊಳ್ಳಿ. ಆಮೇಲೆ ಮ್ಯಾನ್ಯುವಲ್ ಹೇಳಿದಷ್ಟೇ ಸುತ್ತು ಎರಡೂ ವಾಲ್ವ್ ಸಡ್ಲ ಮಾಡಿ, ಪೂರ್ತಿ ಬಿಚ್ಚೋ ಹಾಗಿಲ್ಲ. ಬಾಡೀನ ಮೇಲೆ ಕೆಳಗೆ ಕುಲುಕಿಸಿ, ಗಾಡಿ ಸ್ವಲ್ಪ ಹಿಂದೆ ಮುಂದೆ ಉರುಳಿಸಿ, ಮತ್ತೆ ಅಳೀರಿ. ವಾಲ್ವ್ ತೆರೆದಿರುವಾಗ ಎರಡು ಲೈನೂ ಒಂದೇ, ಬಾರಿಗೆ ಎಳೆಯೋ ಶಕ್ತಿ ಇಲ್ಲ. ಆಗ್ಲೂ ಉಳಿದಿರೋ ವಾಲಾಟ ಆಯಿಲಿಂದು ಅಲ್ಲ! ಸ್ಪ್ರಿಂಗ್ ನೋಡಿ, ಭಾರ ನೋಡಿ. ತೆರೆದಾಗ ಸರಿಹೋಗಿ, ಮುಚ್ಚಿ ನಾಲ್ಕು ದಿನ ಓಡಿಸಿದ್ಮೇಲೆ ಮತ್ತೆ ವಾಲಿದ್ರೆ ಮಾತ್ರ ಲೀಕ್ ಹುಡುಕೋಣ, ಅದೂ ಗಾಡಿ ಕಣ್ಣಾರೆ ನೋಡದೆ ಖಡಾಖಂಡಿತ ಹೇಳಲ್ಲ ನಾನು.

ಆ ಸಿಲಿಂಡರ್ ಬದಲಾಯಿಸಿದ್ರು ಅಂದ್ನಲ್ಲ, ನಿವೃತ್ತಿ ಆದ ಮೇಲೆ ಹೆಂಡತಿ ಜೊತೆ ಕಾಡು ಮೇಡು ಸುತ್ತೋಕೆ ಅಂತ ಆಸೆಯಿಂದ ಗಾಡಿ ರೆಡಿ ಮಾಡ್ಕೊಂಡೋರು ಅವ್ರು. 22 ಎಂಎಂ ವ್ಯತ್ಯಾಸ ಇತ್ತು. ವಾಲ್ವ್ ತೆರೆದೆ, 22 ಇದ್ದದ್ದು 20 ಆಯ್ತು ಅಷ್ಟೇ. ಕೆಳಗೆ ನೋಡಿದ್ರೆ ಮುಂದಿನ ಎಡ ಬಲ ಸ್ಪ್ರಿಂಗ್ ಅದಲು ಬದಲಾಗಿ ಕೂತಿತ್ತು. ಇಂಥ ಗಾಡಿಗಳಲ್ಲಿ ಎಷ್ಟೋ ಸಲ ಎರಡೂ ಕಡೆ ಸ್ಪ್ರಿಂಗ್ ಒಂದೇ ಉದ್ದ ಇರಲ್ಲ, ಗುರುತು ನೋಡಿ ಹಾಕ್ಬೇಕು, ಹಾಕಿದವ್ರು ನೋಡಿರ್ಲಿಲ್ಲ. ಅದಲ್ದೆ ಡ್ರೈವರ್ ಕಡೆಗೇ ಎರಡನೇ ಬ್ಯಾಟರಿ, ಅದೇ ಕಡೆ ನೀರಿನ ಟ್ಯಾಂಕು. ಅವ್ರು ಸುಮ್ನೆ ನಿಂತು ಕೇಳಿದ್ರು, "ಮತ್ತೆ ಆ ಸಿಲಿಂಡರ್?" ಅಂತ. ನಂಗೆ ಉತ್ತರ ಕೊಡೋಕೆ ಬಾಯಿ ಬರ್ಲಿಲ್ಲ.

ಆಯಿಲ್ ತುಂಬಿಸಿ ಅನ್ನೋರಿಗೆ ಇನ್ನೊಂದು ಮಾತು. ಬ್ರೇಕ್ ಆಯಿಲ್ ಥರ ಮುಚ್ಚಳ ತೆಗೆದು ಸುರಿಯೋಕೆ ಇಲ್ಲಿ ಡಬ್ಬಾನೇ ಇಲ್ಲ, ಸೀಲ್ ಮಾಡಿದ ಸಿಸ್ಟಮ್ಮು, ಗಾಳಿ ಪೂರ್ತಿ ಎಳೆದು ಪ್ರೆಶರಲ್ಲಿ ತುಂಬಿಸ್ಬೇಕು, ಅದಕ್ಕೆ ಅದರದ್ದೇ ಸಲಕರಣೆ ಬೇಕು. ಲ್ಯಾಂಡ್ ರೋವರ್ ಡಿಸ್ಕವರಿ 2ರಲ್ಲಿ ವಾಲಾಟ ತಡೆಯೋ ಎಸಿಇ ಸಿಸ್ಟಮ್ ಬೇರೆ ಜಾತಿ, ಅಲ್ಲಿ ಇಂಜಿನ್ ಬೆಲ್ಟಿಂದ ಓಡೋ ಪಂಪು, ಡಬ್ಬಾ, ಸೆನ್ಸರ್ ಎಲ್ಲ ಇವೆ, ತುಕ್ಕು ಹಿಡಿದ ಪೈಪೇ ಅದರ ದೊಡ್ಡ ತಲೆನೋವು. ನಿಸಾನ್ ಪ್ಯಾಟ್ರೋಲ್ ವೈ62ರ ಇದೇ ಕೆಲಸದ ಎಚ್‌ಬಿಎಂಸಿ ಸಿಸ್ಟಮಲ್ಲಿ ಸ್ಟೆಬಿಲೈಸರ್ ಬಾರೇ ಇಲ್ಲ, ಶಾಕ್ ಅಬ್ಸಾರ್ಬರ್‌ಗಳನ್ನೇ ಪೈಪಿಂದ ಜೋಡಿಸಿದ್ದಾರೆ, ಅಲ್ಲಿ ಲೀಕ್ ಆದ್ರೆ ತಿರುವಿನಲ್ಲಿ ಗಾಡಿ ಜೋರಾಗಿ ವಾಲತ್ತೆ, ಓಡಿಸ್ಬೇಡಿ. ಒಂದರ ಪಾಠ ಇನ್ನೊಂದಕ್ಕೆ ಹಚ್ಚಬೇಡಿ ಅಂತ ಹೇಳ್ದೆ. ಟಕ್ ಟಕ್ ಸದ್ದು ಮಾತ್ರ ಇದ್ರೆ ಮೊದ್ಲು ಬಾರಿನ ಬುಶ್ಶು, ಲಿಂಕು ನೋಡಿ.

ಲೀಕ್ ಹುಡುಕುವಾಗ ದಯವಿಟ್ಟು ಪೈಪಿನ ಮೇಲೆ ಬೆರಳಾಡಿಸಬೇಡಿ. ನನ್ನ ಜೊತೆ ಕೆಲಸ ಕಲೀತಿದ್ದ ಹುಡುಗ ಒಬ್ಬ ಹಾಗೆ ಮಾಡಿದ. ಬೆರಳಲ್ಲಿ ಸೂಜಿ ಚುಚ್ಚಿದಷ್ಟು ತೂತು, ರಕ್ತನೂ ಇಲ್ಲ, ನೋವೂ ಇಲ್ಲ, "ಏನಿಲ್ಲಣ್ಣ" ಅಂದ. ನಾನೇ ಬೈದು ಗಾಡಿಗೆ ಹತ್ತಿಸ್ಕೊಂಡು ಆಸ್ಪತ್ರೆಗೆ ಕರ್ಕೊಂಡ್ಹೋದೆ, ರಾತ್ರಿನೇ ಆಪರೇಷನ್ ಮಾಡಿ ಬೆರಳು ಉಳಿಸಿದ್ರು. ಪ್ರೆಶರಿನ ಆಯಿಲ್ ಚರ್ಮದೊಳಗೆ ನುಗ್ಗಿದ್ರೆ ಕೆಲವೇ ಗಂಟೇಲಿ ಒಳಗಿನ ಮಾಂಸ ಸಾಯತ್ತೆ, ಹೊರಗೆ ಏನೂ ಕಾಣಲ್ಲ. ರಟ್ಟಿನ ತುಂಡು ಹಿಡಿದು ಹುಡುಕಿ. ಅಕ್ಯುಮುಲೇಟರನ್ನ ಮನೇಲಿ ಬಿಚ್ಚೋ ಮಾತೇ ಬೇಡ.

ಬರೋವಾಗ ನಾಲ್ಕೂ ಕಡೆ ಅಳತೆ, ವಾಲ್ವ್ ಯಾರಾದ್ರೂ ಮುಟ್ಟಿದ್ರಾ, ಅಳೆಯುವಾಗ ಟ್ಯಾಂಕಲ್ಲಿ ಎಷ್ಟು ಇಂಧನ ಇತ್ತು, ಮೇಲೆ ಏನೇನು ಹೇರಿತ್ತು, ಇಷ್ಟು ಒಂದು ಚೀಟೀಲಿ ಬರ್ಕೊಂಡು ಬನ್ನಿ. ಆಯಿಲ್ ಬೇಕಾ ಬೇಡ್ವಾ ಅಂತ ಆ ಚೀಟಿ ನೋಡಿದ್ಮೇಲೆ ಮಾತಾಡೋಣ.