ಹಗ್ಗಕ್ಕೆ ಎಷ್ಟು ಬಿಗಿತ ಬೇಕು? ಮೊಂಟೆ ಉಲಿಯಾದ ಕೇಬಲ್ ಕಾರ್ ಕೊಟ್ಟ ಉತ್ತರ

ರೋಪ್‌ವೇ ತಪಾಸಣೆಗೆ ಹೋದಲ್ಲೆಲ್ಲ ಪ್ರಯಾಣಿಕರು ನನ್ನನ್ನು ಕೇಳುವ ಪ್ರಶ್ನೆ ಒಂದೇ: ಹಗ್ಗ ತುಂಡಾದರೆ ಗತಿಯೇನು? ಸ್ಪೇನಿನ ಎಂಜಿನಿಯರ್ ಲಿಯೊನಾರ್ಡೊ ಟೊರೆಸ್ ಕೆವೆಡೊ ತಮ್ಮ ಇಡೀ ವಿನ್ಯಾಸವನ್ನು ಈ ಪ್ರಶ್ನೆಯ ಸುತ್ತಲೇ ಕಟ್ಟಿದರು. 1880ರ ದಶಕದಲ್ಲಿ ಕಾಂಟಾಬ್ರಿಯಾದ ಮೊಲೆಡೊದಲ್ಲಿ, ಮನೆಯ ಬಳಿಯ ಕಣಿವೆಗೆ ಅಡ್ಡಲಾಗಿ ಸುಮಾರು 200 ಮೀಟರ್ ಹಗ್ಗ ಎಳೆದು ಅವರು ಮೊದಲ ಪ್ರಯೋಗ ನಡೆಸಿದಾಗ, ಕೂರಲು ಒಂದು ಆಸನವಿತ್ತು, ಎಳೆಯಲು ಒಂದು ಜೊತೆ ಹಸುಗಳಿದ್ದವು. 1887ರಲ್ಲಿ ಪೇಟೆಂಟ್ ಪಡೆದು ಸ್ವಿಟ್ಜರ್ಲೆಂಡಿಗೆ ಒಯ್ದರೆ ಅಲ್ಲಿ ಯಾರೂ ನಂಬಲಿಲ್ಲ. ಜನರನ್ನು ಹೊತ್ತೊಯ್ಯುವ ಕೇಬಲ್ ಕಾರ್ ಸ್ಯಾನ್ ಸೆಬಾಸ್ಟಿಯನ್ ನಗರದ ಮೊಂಟೆ ಉಲಿಯಾ ಗುಡ್ಡದಲ್ಲಿ ಓಡಿದ್ದು 1907ರ ಸೆಪ್ಟೆಂಬರ್ 30ರಂದು.

ಅದರ ಉದ್ದ 280 ಮೀಟರ್, ಏರಿದ ಎತ್ತರ ಬರೀ 28 ಮೀಟರ್. ಆದರೆ ಅದರ ಹಿರಿಮೆಯನ್ನು ಎತ್ತರದಿಂದ ಅಳೆಯಬಾರದು. ಹಗ್ಗಗಳ ತುದಿಯನ್ನು ನೋಡಬೇಕು. ಎರಡೂ ತುದಿ ಬಿಗಿದ ಹಗ್ಗಕ್ಕೆ, ಬಟ್ಟೆ ಒಣಹಾಕುವ ತಂತಿಗೆ ಆಗುವಂತೆ, ಭಾರ ಬಿದ್ದಷ್ಟೂ ಎಳೆತ ಹೆಚ್ಚುತ್ತದೆ. ಹಲವು ಹಗ್ಗಗಳಲ್ಲಿ ಒಂದು ತುಂಡಾದರೆ ಅದರ ಪಾಲಿನ ಹೊರೆ ಉಳಿದವುಗಳ ಮೇಲೆ ಬಿದ್ದು ಅವೂ ಒಂದೊಂದಾಗಿ ಸೋಲಬಹುದು. ಟೊರೆಸ್ ಕೆವೆಡೊ ಪ್ರತಿ ಹಗ್ಗದ ಒಂದು ತುದಿಯನ್ನು ಮಾತ್ರ ಬಿಗಿದು, ಇನ್ನೊಂದನ್ನು ರಾಟೆಯ ಮೇಲೆ ಹಾಯಿಸಿ, ಅದಕ್ಕೆ ಕೌಂಟರ್‌ವೇಟ್ ತೂಗುಹಾಕಿದರು. ಹೀಗಾಗಿ ಹಗ್ಗದ ಎಳೆತವನ್ನು ಪ್ರಯಾಣಿಕರ ಸಂಖ್ಯೆ ನಿರ್ಧರಿಸುವುದಿಲ್ಲ, ತೂಗುವ ಆ ಭಾರ ನಿರ್ಧರಿಸುತ್ತದೆ. ಜನ ಹೆಚ್ಚಾದರೆ ಹಗ್ಗ ಇನ್ನಷ್ಟು ಜಗ್ಗುತ್ತದೆ, ಕೌಂಟರ್‌ವೇಟ್ ಸ್ವಲ್ಪ ಮೇಲೇರುತ್ತದೆ. ಒಂದು ಹಗ್ಗ ತುಂಡಾದರೂ ಆಗುವುದು ಅಷ್ಟೇ, ಉಳಿದವುಗಳ ಎಳೆತ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ಇಷ್ಟು ಸರಳವಾದ ಉಪಾಯದಿಂದ ಇಷ್ಟು ದೊಡ್ಡ ಅಪಾಯವನ್ನು ತಡೆದ ವಿನ್ಯಾಸ ನಮ್ಮ ವೃತ್ತಿಯಲ್ಲಿ ಬಹಳ ಅಪರೂಪ ಎಂದೇ ನನ್ನ ಭಾವನೆ.

ಆದರೂ ಈ ವ್ಯವಸ್ಥೆ ತಪಾಸಣೆಗೆ ಬದಲಿಯಲ್ಲ. ಚಕ್ರ ಹಾದುಹೋದಾಗಲೆಲ್ಲ ಹಗ್ಗ ಬಾಗುತ್ತದೆ, ಆ ಬಾಗುವಿಕೆಯಿಂದ ಉಕ್ಕಿನ ಎಳೆಗಳು ದಣಿಯುತ್ತವೆ, ಅದನ್ನು ಯಾವ ಕೌಂಟರ್‌ವೇಟೂ ತಪ್ಪಿಸಲಾರದು. ಆದ್ದರಿಂದಲೇ ಇಂದಿಗೂ ಹಗ್ಗದ ಸುತ್ತ ಹತ್ತಿಬಟ್ಟೆ ಹಿಡಿದು ನಿಧಾನವಾಗಿ ಸರಿಸುತ್ತೇವೆ. ಮುರಿದ ಎಳೆಯ ಮೊನೆ ಇದ್ದಲ್ಲಿ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತದೆ, ಅಲ್ಲಿ ಗುರುತು ಹಾಕಿ ಮುರಿದ ಎಳೆಗಳನ್ನು ಎಣಿಸುತ್ತೇವೆ.

ಇದೇ ತತ್ತ್ವದ ಮೇಲೆ ಟೊರೆಸ್ ಕೆವೆಡೊ ವಿನ್ಯಾಸಗೊಳಿಸಿದ ಆರು ಹಗ್ಗಗಳ ಕೇಬಲ್ ಕಾರ್ 1916ರಲ್ಲಿ ಕೆನಡಾದ ನಯಾಗರಾ ನದಿಯ ಸುಳಿಯ ಮೇಲೆ ಸಂಚಾರ ಆರಂಭಿಸಿತು. ಶತಮಾನ ಕಳೆದ ಮೇಲೂ ಅದು ಪ್ರವಾಸಿಗರನ್ನು ಹೊತ್ತು ಓಡುತ್ತಿದೆ.