ಕಾಳಜಿ ಕೇಂದ್ರದ ಮಕ್ಕಳ ಜೊತೆ ಆಡಲು ಹೋಗುವವರಿಗೆ

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಕಾವೇರಿ ಉಕ್ಕಿದರೆ ಕೊಡಗಿನ ಕರಡಿಗೋಡು ಕಡೆಯ ಹೊಳೆದಂಡೆಯವರು ಮನೆ ಬಿಟ್ಟು ಕಾಳಜಿ ಕೇಂದ್ರ ಸೇರಬೇಕಾಗುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗಲಂತೂ ಕೊಡಗಿನ ಸಾವಿರಾರು ಜನ ಹೀಗೆ ದಿನ ಕಳೆದರು. ಅಂಥ ಕಡೆ ಅನ್ನ, ಕಂಬಳಿ ಬೇಗ ಬರುತ್ತವೆ. ಮಕ್ಕಳ ಆಟಕ್ಕೆ ಜಾಗ ಬಿಡಿಸಿಕೊಡುವವರು ಕಡಿಮೆ.

ಆಟಿಕೆ ಹೊತ್ತು ಒಂದು ದಿನ ಬಂದು ಹೋಗುವುದಕ್ಕಿಂತ, ಅದೇ ಇಬ್ಬರು ದಿನ ಬಿಟ್ಟು ದಿನ ಅದೇ ಹೊತ್ತಿಗೆ ಬರುವುದು ಮೇಲು. ಎಲ್ಲವೂ ಅದಲುಬದಲಾದ ಮಗುವಿಗೆ ‘ನಾಲ್ಕು ಗಂಟೆಗೆ ಅಕ್ಕ ಬರ್ತಾರೆ’ ಎಂಬುದೇ ಹಿಡಿದುಕೊಳ್ಳಲು ಒಂದು ಗೂಟ. ಬರಲಾಗದಿದ್ದರೆ ಮಾತು ಕೊಡಬೇಡಿ.

ಕೇಂದ್ರದ ಉಸ್ತುವಾರಿ ಅಧಿಕಾರಿಯ ಒಪ್ಪಿಗೆ ಪಡೆದು, ತಾಯಂದಿರಿಗೂ ತಿಳಿಸಿ. ಹತ್ತು ಮಕ್ಕಳಿಗೆ ದೊಡ್ಡವರು ಇಬ್ಬರಾದರೂ ಇರಲಿ. ಹಾಲ್‌ನ ಮೂಲೆಯಲ್ಲಿ, ಎಲ್ಲರ ಕಣ್ಣಿಗೂ ಕಾಣುವಂತೆ, ಹತ್ತಡಿ ಉದ್ದಗಲದ ಟಾರ್ಪಾಲ್ ಹಾಸಿದರೆ ಸಾಕು. ಒಂದು ಮಗುವಿನ ಜೊತೆ ಒಬ್ಬರೇ ಮರೆಯಲ್ಲಿ ಕೂರಬಾರದು. ಫೋಟೋ ಬೇಡವೇ ಬೇಡ.

ಗಮನಿಸಿ ನೋಡಿ: ಒಂಬತ್ತು ಹತ್ತು ವರ್ಷದ ಹುಡುಗಿ ತಮ್ಮನನ್ನು ಸೊಂಟದಲ್ಲಿ ಹೊತ್ತು ಅಂಚಿನಲ್ಲೇ ನಿಂತಿರುತ್ತಾಳೆ. ಕರೆದರೂ ಬರುವುದಿಲ್ಲ. ಅವಳಿಗೆ ನಾಚಿಕೆಯಲ್ಲ, ಕೈ ಖಾಲಿ ಇಲ್ಲ. ಇಬ್ಬರಲ್ಲಿ ಒಬ್ಬರು ಪಕ್ಕದಲ್ಲೇ ಚಾಪೆ ಹಾಕಿ, ಅವಳ ತಾಯಿಯನ್ನು ಕೇಳಿ ಕೂಸನ್ನು ನೋಡಿಕೊಳ್ಳಿ. ಆಗ ಅವಳೂ ಮಗುವಾಗುತ್ತಾಳೆ.

ಸಾಮಾನು ಹೆಚ್ಚೇನಿಲ್ಲ. ಹಳೆ ಬಟ್ಟೆಯ ಮೇಲೆ ಐದೈದು ಮನೆಯ ಚೌಕಾಬಾರ ಬರೆದು, ಒಂದು ಬದಿ ತೇಯ್ದ ನಾಲ್ಕು ಹುಣಸೆಬೀಜ ಇಡಿ. ಅಳಗುಳಿಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹದಿನಾಲ್ಕು ವೃತ್ತ, ಒಂದೊಂದಕ್ಕೆ ಐದು ಬೀಜದಂತೆ ಒಟ್ಟು ಎಪ್ಪತ್ತು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ ಮಾತಿನ ಮಕ್ಕಳು ಒಟ್ಟಿಗೆ ಕೂತರೂ ಇವಕ್ಕೆ ಭಾಷೆ ಅಡ್ಡಬರುವುದಿಲ್ಲ. ಚೆಂದ ಕಾಣುತ್ತದೆಂದು ಗುಲಗಂಜಿ ತರಬೇಡಿ, ಅಗಿದರೆ ವಿಷ. ಮೂರು ವರ್ಷದೊಳಗಿನವರ ಕೈಗೆ ಯಾವ ಬೀಜವೂ ಸಿಗಬಾರದು. ಬಲೂನೂ ಬೇಡ: ಚೂರು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಒಡೆದ ಸದ್ದಿಗೆ ಹೆದರಿದ ಮಕ್ಕಳು ಬೆಚ್ಚಿಬೀಳುತ್ತಾರೆ.

ಆಟದ ಹಿಟ್ಟಿನ ಮುದ್ದೆಗೆ ಎರಡು ಲೋಟ ಮೈದಾ, ಒಂದು ಲೋಟ ಉಪ್ಪು, ಎರಡು ಚಮಚ ಎಣ್ಣೆ. ನೀರು ಮುಕ್ಕಾಲು ಲೋಟದಿಂದ ಶುರುಮಾಡಿ. ಮಳೆಗಾಲದಲ್ಲಿ ಉಪ್ಪು ತೇವ ಎಳೆದು ಮುದ್ದೆ ಕೈಗೆ ಅಂಟುತ್ತದೆ. ಒಣಹಿಟ್ಟು ಜೊತೆಗಿರಲಿ, ಮುದ್ದೆಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಆ ಮುದ್ದೆಯಲ್ಲೇ ಮಗು ಗುಡ್ಡ ಮಾಡಿ, ಕೆಳಗೊಂದು ಮನೆ ಇಟ್ಟು, ಗುಡ್ಡವನ್ನು ಮನೆ ಮೇಲೆ ಕೆಡವಬಹುದು. ತಡೆಯಬೇಡಿ, ‘ನಿಮ್ಮನೆ ಹೀಗೇ ಬಿತ್ತಾ?’ ಎಂದು ಕೇಳಲೂಬೇಡಿ. ‘ಗುಡ್ಡ ಬಿತ್ತು’ ಎಂದಷ್ಟೇ ಹೇಳಿ ಪಕ್ಕದಲ್ಲಿರಿ. ದಿನ ಕಳೆದಂತೆ ಆಟದೊಳಗೆ ಯಾರೋ ಓಡಿ ಪಾರಾಗುತ್ತಾರೆ, ಜೆಸಿಬಿ ಬರುತ್ತದೆ. ಮಗು ತಾನೇ ದಾರಿ ಹುಡುಕುತ್ತಿದೆ ಎಂದರ್ಥ. ಏನೂ ಬದಲಾಗದೆ, ಮುಖ ಬಿಗಿದುಕೊಂಡು ಅದನ್ನೇ ಆಡುತ್ತಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ತಾಯಿಗೂ ಕೇಂದ್ರಕ್ಕೆ ಬರುವ ವೈದ್ಯರಿಗೂ ತಿಳಿಸಿ. ಯಾರೋ ತೊಂದರೆ ಕೊಡುತ್ತಿದ್ದಾರೆಂದು ಮಗು ಹೇಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಗುಟ್ಟಾಗಿಡುತ್ತೇನೆಂದು ಒಪ್ಪಿಕೊಳ್ಳಬೇಡಿ.

ಮುಗಿಸುವ ಹತ್ತು ನಿಮಿಷ ಮೊದಲೇ ಹೇಳಿ, ಸಾಮಾನು ಎಲ್ಲರೂ ಸೇರಿ ಎತ್ತಿಡಿ. ಕೇಂದ್ರ ಮುಚ್ಚುವ ದಿನ ಮೊದಲೇ ಗೊತ್ತಾಗುವುದು ಕಷ್ಟ. ಮಳೆ ಹೊಳವಾಗಿ ನೀರಿಳಿದರೆ ಜನ ಹೊರಟುಬಿಡುತ್ತಾರೆ. ಹಾಗಾಗಿ ಚೌಕಾಬಾರದ ಬಟ್ಟೆ, ಬೀಜದ ಪೊಟ್ಟಣ ದೊಡ್ಡ ಮಕ್ಕಳ ಹತ್ತಿರವೇ ಇರಲಿ.