ಪ್ರತಿ ಅಲುಗಾಟಕ್ಕೂ ಟರ್ಬೈನಿನ ಗವರ್ನರ್ ಕೈ ಹಾಕಬಾರದು, ಯಾಕೆ?

2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಲೈನ್ ಚಾಲೂ ಆಯಿತು. ದಕ್ಷಿಣದ ಗ್ರಿಡ್, ಅಂದರೆ ವಿದ್ಯುತ್ ಜಾಲ, ಉಳಿದ ದೇಶದ ಗ್ರಿಡ್ ಜೊತೆ ಒಂದೇ ಲಯಕ್ಕೆ ಸೇರಿದ್ದು ಅವತ್ತೇ, ಅದೂ ನಮ್ಮ ರಾಯಚೂರಿನ ಮೂಲಕ. ಈಗ ಶಕ್ತಿನಗರದಲ್ಲಿ ನಿಮಿಷಕ್ಕೆ 3000 ಸುತ್ತು ತಿರುಗುವ ಜನರೇಟರ್ ಮತ್ತು ಪಂಜಾಬಿನಲ್ಲೋ ಗುಜರಾತಿನಲ್ಲೋ ತಿರುಗುವ ಅಂಥದ್ದೇ ಇನ್ನೊಂದು ಜನರೇಟರ್, ಎರಡೂ ಒಟ್ಟಿಗೆ ಏರಬೇಕು, ಒಟ್ಟಿಗೆ ಇಳಿಯಬೇಕು. ಸೆಕೆಂಡಿಗೆ 50 ಸುತ್ತಿನ ಈ ಲಯವೇ ಗ್ರಿಡ್‌ನ ಫ್ರೀಕ್ವೆನ್ಸಿ, ನಾವು 50 ಹರ್ಟ್ಸ್ ಅನ್ನುವುದು ಇದಕ್ಕೇ. ಆದರೆ ಮೀಟರ್ ಇಟ್ಟು ನೋಡಿದರೆ ಅದು 50ಕ್ಕೆ ನಿಂತಿರುವುದೇ ಇಲ್ಲ. 49.97, 50.02, ಮತ್ತೆ 49.99, ಹೀಗೆ ಸದಾ ಅಲುಗಾಡುತ್ತಲೇ ಇರುತ್ತದೆ.

ಬಳ್ಳಾರಿಯಲ್ಲಿ ಯಾರೋ ಕೂಲರ್ ಹಾಕುತ್ತಾರೆ, ಕೊಪ್ಪಳದಲ್ಲಿ ಯಾರೋ ಹಿಟ್ಟಿನ ಗಿರಣಿ ಬಂದ್ ಮಾಡುತ್ತಾರೆ, ಯಾರೂ ಯಾರನ್ನೂ ಕೇಳಿ ಮಾಡುವುದಿಲ್ಲ. ಬೇಡಿಕೆ ಒಂದು ಚೂರು ಜಾಸ್ತಿ ಆದರೆ ಆ ಶಕ್ತಿ ಮೊದಲು ಬರುವುದು ತಿರುಗುತ್ತಿರುವ ಟನ್‌ಗಟ್ಟಲೆ ಉಕ್ಕಿನಿಂದ. ಹಾಗಾಗಿ ಯಂತ್ರ ಸ್ವಲ್ಪ ನಿಧಾನವಾಗುತ್ತದೆ, ಫ್ರೀಕ್ವೆನ್ಸಿ ಇಳಿಯುತ್ತದೆ. ಬೇಡಿಕೆ ಕಡಿಮೆ ಆದರೆ ಏರುತ್ತದೆ. ಈ ಗೊತ್ತುಗುರಿ ಇಲ್ಲದ ಏರಿಳಿತವೇ ನಾಯ್ಸ್.

ನಾಯ್ಸ್‌ಗೆ ಒಂದು ಲೆಕ್ಕವಿದೆ. ಒಂದು ಭಾಗದಲ್ಲಿ ಯಾವುದೇ ಗಳಿಗೆಯಲ್ಲಿ ಸರಾಸರಿ 100 ಮೋಟರ್ ಓಡುತ್ತಿವೆ, ಪ್ರತಿಯೊಂದೂ ತನ್ನ ಪಾಡಿಗೆ ಶುರುವಾಗಿ ತನ್ನ ಪಾಡಿಗೆ ನಿಲ್ಲುತ್ತದೆ ಅಂದುಕೊಳ್ಳಿ. ಆಗ ಆ ಸಂಖ್ಯೆ ಸುಮಾರು 10ರಷ್ಟು ಆಚೀಚೆ ಆಗುತ್ತಿರುತ್ತದೆ, ಅಂದರೆ 10 ಶೇಕಡಾ. 10 ಲಕ್ಷ ಮೋಟರ್ ಇದ್ದರೆ ಏರಿಳಿತ 1000 ಮಾತ್ರ, 0.1 ಶೇಕಡಾ. ಸಂಖ್ಯೆಯ ವರ್ಗಮೂಲ ಎಷ್ಟೋ ಅಷ್ಟೇ ಅಲುಗಾಟ. ದೇಶದ ಗ್ರಿಡ್ ಒಂದಾಗಿದ್ದರಿಂದ ಆದ ಲಾಭಗಳಲ್ಲಿ ಇದೂ ಒಂದು. ಆದರೆ ಎಲ್ಲರೂ ತಮ್ಮ ಪಾಡಿಗೆ ಅನ್ನುವ ಷರತ್ತು ಮುರಿದರೆ ಈ ಲೆಕ್ಕ ನಡೆಯುವುದಿಲ್ಲ. ನಮ್ಮ ಕಡೆ ಹೊಲಕ್ಕೆ ತ್ರೀ ಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರ್ ಹಾಕಿಟ್ಟ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಎದ್ದು ಕೂರುತ್ತವೆ ಅಲ್ವಾ, ಅಲ್ಲಿ ವರ್ಗಮೂಲ ನಮ್ಮನ್ನು ಕಾಪಾಡುವುದಿಲ್ಲ.

ಉಳಿದ ಕೆಲಸ ಗವರ್ನರ್‌ನದು, ಅಂದರೆ ಜನರೇಟರ್ ತಿರುಗಿಸುವ ಟರ್ಬೈನಿನ ವೇಗ ಕಾಯುವ ಸಾಧನದ್ದು. ಟರ್ಬೈನ್ ನಿಧಾನವಾದರೆ ಹಬೆಯ ವಾಲ್ವ್ ತೆರೆಯುತ್ತದೆ, ಜೋರಾದರೆ ಮುಚ್ಚುತ್ತದೆ. ಫಲಿತಾಂಶ ನೋಡಿ ಕೆಲಸ ತಿದ್ದಿಕೊಳ್ಳುವ ಇದನ್ನೇ ಫೀಡ್‌ಬ್ಯಾಕ್ ಅನ್ನುತ್ತಾರೆ. ಜೇಮ್ಸ್ ವ್ಯಾಟ್ 1788ರಲ್ಲಿ ಹಬೆ ಎಂಜಿನ್‌ಗೆ ಎರಡು ತಿರುಗುವ ಗುಂಡುಗಳ ಗವರ್ನರ್ ಜೋಡಿಸಿದ್ದ. ಕೆಲವು ಗವರ್ನರ್‌ಗಳು ವೇಗವನ್ನು ನಿಲ್ಲಿಸುವ ಬದಲು ಇನ್ನಷ್ಟು ಓಲಾಡಿಸುತ್ತವೆ, ಅದು ಯಾಕೆ ಅಂತ 1868ರಲ್ಲಿ ಗಣಿತ ಹಾಕಿ ತೋರಿಸಿದವನು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ವಾಲ್ವ್ ತೆರೆದು ಅದರ ಪರಿಣಾಮ ಕಾಣುವಷ್ಟರಲ್ಲಿ ಪರಿಸ್ಥಿತಿ ಬದಲಾಗಿರುತ್ತದೆ. ಗವರ್ನರ್ ಹಳೇ ತಪ್ಪನ್ನು ತಿದ್ದಲು ಹೋಗಿ ಹೊಸ ತಪ್ಪು ಮಾಡುತ್ತದೆ, ಅದನ್ನು ತಿದ್ದಲು ಉಲ್ಟಾ ಓಡುತ್ತದೆ. ಪವರ್ ಸ್ಟೇಷನ್ನಿನವರು ಇದನ್ನು ಹಂಟಿಂಗ್ ಅನ್ನುತ್ತಾರೆ. ಅದಕ್ಕೇ ನಮ್ಮ ದೇಶದ ಗ್ರಿಡ್ ನಿಯಮದಲ್ಲಿ 0.03 ಹರ್ಟ್ಸ್ ಒಳಗಿನ ಅಲುಗಾಟಕ್ಕೆ ಗವರ್ನರ್ ಸುಮ್ನೆ ಇರಲಿ ಅಂತ ಬಿಟ್ಟಿದ್ದಾರೆ. ನನಗೆ ಈ ನಿಯಮ ತುಂಬಾ ಇಷ್ಟ. ಅಳೆಯಲು ಬರುತ್ತದೆ, ತಿದ್ದಲೂ ಬರುತ್ತದೆ, ಆದರೂ ಬೇಕಂತಲೇ ಬಿಡುವುದು.

ತಡ ಎಷ್ಟು ಕಾಡುತ್ತದೆ ಅನ್ನುವುದನ್ನು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ನೀರು ಸೆಕೆಂಡಿಗೆ ಒಂದು ಮೀಟರ್ ಹರಿದರೂ 104ನೇ ಮೈಲಿಗೆ ಬರಲು ಹತ್ತಿರ ಹತ್ತಿರ ಎರಡು ದಿನ ಬೇಕು. ಇವತ್ತು ಗೇಜ್, ಅಂದರೆ ಕಾಲುವೆಯ ನೀರಿನ ಮಟ್ಟ, ಕಡಿಮೆ ಅಂತ ಮೇಲೆ ಗೇಟ್ ಎತ್ತಿದರೆ ಆ ನೀರು ನಾಡಿದ್ದು ಬರುತ್ತದೆ, ಅಷ್ಟರಲ್ಲಿ ಸಿಂಧನೂರಿನ ಕಡೆ ಮಳೆಯೇ ಬಂದಿರಬಹುದು. ಗ್ರಿಡ್‌ನಲ್ಲಿ ಇಷ್ಟು ತಡವಿಲ್ಲ, ಜೊತೆಗೆ ತಿರುಗುವ ಉಕ್ಕಿನ ಭಾರ ಫ್ರೀಕ್ವೆನ್ಸಿ ಒಮ್ಮೆಲೇ ಬೀಳದಂತೆ ತಡೆದು ಗವರ್ನರ್‌ಗೆ ಕೆಲವು ಸೆಕೆಂಡು ಸಮಯ ಕೊಡುತ್ತದೆ. ಸೋಲಾರ್‌ಗೆ ಈ ಭಾರವಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆ ಎದ್ದು ನಿಂತಿರುವಂಥ ಗಾಳಿಯಂತ್ರಗಳ ರೆಕ್ಕೆ ಭಾರವೇ, ಆದರೆ ಈಗಿನ ಹೆಚ್ಚಿನವು ಎಲೆಕ್ಟ್ರಾನಿಕ್ಸ್ ಮೂಲಕ ಗ್ರಿಡ್ ಸೇರುವುದರಿಂದ ಆ ಭಾರ ತಾನಾಗಿ ಸಹಾಯಕ್ಕೆ ಬರುವುದಿಲ್ಲ, ಹಾಗೆ ಬರುವಂತೆ ಬೇರೆಯಾಗಿ ವ್ಯವಸ್ಥೆ ಮಾಡಬೇಕು. ಮುಂದಿನ ವರ್ಷಗಳಲ್ಲಿ ಗ್ರಿಡ್ ನೋಡಿಕೊಳ್ಳುವವರ ದೊಡ್ಡ ಕೆಲಸಗಳಲ್ಲಿ ಇದೂ ಒಂದು.

ಈಗ ಇದೇ ಪ್ರಶ್ನೆಯನ್ನು ಜೀವಕೋಶದೊಳಗೆ ಕೇಳೋಣ, ಯಾಕೆಂದರೆ ಅಲ್ಲಿ ಕಷ್ಟ ಇನ್ನೂ ಜಾಸ್ತಿ. ನಮ್ಮ ಕರುಳಿನಲ್ಲಿರುವ ಇ. ಕೊಲೈ ಬ್ಯಾಕ್ಟೀರಿಯಾ ಸುಮಾರು 2 ಮೈಕ್ರೋಮೀಟರ್ ಉದ್ದ. ಹಾಲಿನ ಸಕ್ಕರೆಯನ್ನು ಬಳಸುವ ಜೀನ್‌ಗಳಿಗೆ ಅದು ಒಂದು ಪ್ರೋಟೀನ್‌ನಿಂದ ಬೀಗ ಹಾಕಿಡುತ್ತದೆ. ಆ ಪ್ರೋಟೀನ್ ಇಡೀ ಕೋಶದಲ್ಲಿ ಇರುವುದು ಹತ್ತರ ಆಸುಪಾಸು, ಅಷ್ಟೇ. ವರ್ಗಮೂಲದ ಲೆಕ್ಕ ಹಾಕಿ: 10ಕ್ಕೆ 3ರಷ್ಟು ಏರಿಳಿತ, 30 ಶೇಕಡಾ! ಇಷ್ಟು ಅಲುಗಾಡುವ ಗ್ರಿಡ್‌ನಲ್ಲಿ ಒಂದು ಬಲ್ಬೂ ಉಳಿಯಲಿಕ್ಕಿಲ್ಲ.

2002ರಲ್ಲಿ ಮೈಕೆಲ್ ಎಲೋವಿಟ್ಜ್ ಮತ್ತು ಜೊತೆಗಾರರು ಇದನ್ನು ಕಣ್ಣಿಗೆ ಕಾಣುವಂತೆ ಮಾಡಿದರು. ಒಂದೇ ಕೋಶದಲ್ಲಿ ಎರಡು ಬಣ್ಣದ ಹೊಳೆಯುವ ಪ್ರೋಟೀನ್‌ಗಳ ಜೀನ್ ಇಟ್ಟರು, ಎರಡಕ್ಕೂ ಒಂದೇ ಥರದ ಸ್ವಿಚ್. ಕೋಶದ ಪರಿಸ್ಥಿತಿ ಒಂದೇ, ಸ್ವಿಚ್ ಒಂದೇ, ಹಾಗಾದರೆ ಎರಡೂ ಬಣ್ಣ ಸಮನಾಗಿ ಬರಬೇಕಲ್ಲವೇ? ಬರಲಿಲ್ಲ. ಕೆಲವು ಕೋಶದಲ್ಲಿ ಒಂದು ಜಾಸ್ತಿ, ಕೆಲವದರಲ್ಲಿ ಇನ್ನೊಂದು. ಅಣುಗಳು ಯಾವಾಗ ಡಿಕ್ಕಿ ಹೊಡೆಯುತ್ತವೆ ಅನ್ನುವ ಆಕಸ್ಮಿಕದಿಂದಲೇ ಇಷ್ಟು ವ್ಯತ್ಯಾಸ.

ಕೋಶಕ್ಕೂ ಗವರ್ನರ್ ಇದೆ. ಎಷ್ಟೋ ಪ್ರೋಟೀನ್‌ಗಳು ತಮ್ಮದೇ ಜೀನ್ ಮೇಲೆ ಕೂತು ಅದನ್ನು ಆಫ್ ಮಾಡುತ್ತವೆ. ಜಾಸ್ತಿಯಾದರೆ ತಯಾರಿ ನಿಲ್ಲುತ್ತದೆ, ಕಡಿಮೆಯಾದರೆ ಶುರುವಾಗುತ್ತದೆ. ಇಂಥ ಜೋಡಣೆಯಿಂದ ನಾಯ್ಸ್ ನಿಜವಾಗಿಯೂ ಇಳಿಯುತ್ತದೆ ಅಂತ ಆಟಿಲಾ ಬೆಚ್ಕೆಯ್ ಮತ್ತು ಲೂಯಿಸ್ ಸೆರಾನೊ 2000ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದರು.

ಹಾಗಾದರೆ ಫೀಡ್‌ಬ್ಯಾಕ್ ಇನ್ನಷ್ಟು ಬಿಗಿ ಮಾಡಿ ನಾಯ್ಸ್ ಪೂರ್ತಿ ಅಳಿಸಬಹುದಾ? 2010ರಲ್ಲಿ ಲೆಸ್ಟಾಸ್, ವಿನಿಕೋಂಬ್ ಮತ್ತು ಪೌಲ್ಸನ್ ಎಂಬ ಮೂವರು ಇದಕ್ಕೆ ಕೊಟ್ಟ ಉತ್ತರ ಓದಿದಾಗಿನಿಂದ ನನ್ನ ತಲೆಯಿಂದ ಹೋಗಿಲ್ಲ. ಅವರ ಗಣಿತದ ಪ್ರಕಾರ, ಎಂಥ ಬುದ್ಧಿವಂತ ನಿಯಂತ್ರಣ ಇದ್ದರೂ, ಏರಿಳಿತವನ್ನು ಅರ್ಧಕ್ಕೆ ಇಳಿಸಲು ಕೋಶ 16 ಪಟ್ಟು ಜಾಸ್ತಿ ಸಂದೇಶದ ಅಣುಗಳನ್ನು ತಯಾರಿಸಬೇಕು. ಹತ್ತನೇ ಒಂದು ಭಾಗಕ್ಕೆ ಇಳಿಸಬೇಕಾದರೆ 10,000 ಪಟ್ಟು. ಕಾರಣ ಹೀಗೆ ನೋಡಿ. ಒಂದು ಅಣು ಎಷ್ಟಿದೆ ಅಂತ ತಿಳಿಯಲು ಕೋಶಕ್ಕಿರುವ ದಾರಿ ಅದು ಹುಟ್ಟಿಸುವ ಸಂದೇಶಗಳನ್ನು ಎಣಿಸುವುದು, ಆ ಸಂದೇಶಗಳೂ ಆಕಸ್ಮಿಕವಾಗಿಯೇ ಹುಟ್ಟುತ್ತವೆ. ಜಾಸ್ತಿ ಹೊತ್ತು ಎಣಿಸಿದರೆ ಲೆಕ್ಕ ಸರಿಯಾಗುತ್ತದೆ, ಆದರೆ ಸುದ್ದಿ ಹಳತಾಗುತ್ತದೆ. ಬೇಗ ಎಣಿಸಿದರೆ ಸುದ್ದಿ ತಾಜಾ, ಲೆಕ್ಕ ತಪ್ಪು. ಇವೆರಡರ ನಡುವೆ ಎಷ್ಟೇ ಚೆನ್ನಾಗಿ ಹೊಂದಿಸಿದರೂ ಸಿಗುವುದು ವರ್ಗಮೂಲದ ವರ್ಗಮೂಲ. ಕಾಲುವೆಯ ತಡ ಮತ್ತು ಅಣುಗಳ ಕೊರತೆ ಎರಡೂ ಒಂದೇ ಲೆಕ್ಕದಲ್ಲಿ ಬಂದು ಕೂತಿವೆ.

ಹೀಗಿರುವಾಗ ಎಲ್ಲವನ್ನೂ ಬಿಗಿಯಾಗಿಡಲು ಹೋದರೆ ಕೋಶದ ಶಕ್ತಿಯೆಲ್ಲ ಎಣಿಕೆಗೇ ಮುಗಿದು ಹೋಗುತ್ತದೆ. ಬೇಕಾದ ಕಡೆ ಅದು ಖರ್ಚು ಮಾಡುತ್ತದೆ, ಉಳಿದ ಕಡೆ ಅಲುಗಾಟ ಬಿಡುತ್ತದೆ. ಬಿಟ್ಟ ಅಲುಗಾಟ ಕೆಲವೊಮ್ಮೆ ಅದರ ಜೀವ ಉಳಿಸುತ್ತದೆ. 1944ರಲ್ಲಿ ಜೋಸೆಫ್ ಬಿಗ್ಗರ್ ಬ್ಯಾಕ್ಟೀರಿಯಾಗಳಿಗೆ ಪೆನಿಸಿಲಿನ್ ಹಾಕಿದಾಗ ಬೆರಳೆಣಿಕೆಯಷ್ಟು ಸಾಯದೆ ಉಳಿದವು. ಅವನ್ನು ಮತ್ತೆ ಬೆಳೆಸಿದರೆ ಮಕ್ಕಳು ಮೊದಲಿನಂತೆಯೇ ಪೆನಿಸಿಲಿನ್‌ಗೆ ಸತ್ತವು, ಅಂದರೆ ಜೀನ್ ಏನೂ ಬದಲಾಗಿರಲಿಲ್ಲ. 2004ರಲ್ಲಿ ನಥಾಲಿ ಬಲಬಾನ್ ತಂಡ ಇ. ಕೊಲೈ ಕೋಶಗಳನ್ನು ಒಂದೊಂದಾಗಿ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ, ಹೀಗೆ ಉಳಿಯುವವು ಔಷಧ ಹಾಕುವುದಕ್ಕೆ ಮೊದಲೇ ಬೆಳವಣಿಗೆ ನಿಧಾನ ಮಾಡಿಕೊಂಡಿದ್ದವು ಅಂತ ಕಂಡಿತು. ಪೆನಿಸಿಲಿನ್ ಮುಖ್ಯವಾಗಿ ಕೊಲ್ಲುವುದು ಬೆಳೆಯುತ್ತಿರುವ ಕೋಶವನ್ನು. ಒಂದೇ ಜೀನ್, ಒಂದೇ ಆಹಾರ ಇದ್ದರೂ ಒಳಗಿನ ಏರಿಳಿತದಿಂದ ಕೆಲವು ಸುಮ್ಮನೆ ಮಲಗಿರುತ್ತವೆ, ಔಷಧ ಮುಗಿದ ಮೇಲೆ ಎದ್ದು ಮತ್ತೆ ಬೆಳೆಯಲು ಶುರು ಮಾಡುತ್ತವೆ.